ಕೆರೆದು ತೆಗೆದ ಹಳೆ ಡಾಂಬರನ್ನು ಹೊಸ ರಸ್ತೆಗೆ ಬೆರೆಸಿದರೆ ಬಾಳಿಕೆ ಬರುತ್ತದೆಯೇ? (ವಿಜಯಪುರ)

ಹೊಸ್ತಿಲು (ವಿಜಯಪುರ)

ಹಳೆ ಊರಿನಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಅಪ್ಪ ಅಂಗಡಿ ತೆರೆದಾಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ಈಗ ಅರ್ಧ ಮೆಟ್ಟಿಲು ಇಳಿದು ಬರಬೇಕು. ಪ್ರತಿ ಸಲವೂ ಹಳೆಯದರ ಮೇಲೆಯೇ ಹೊಸ ಪದರ ಬಳಿದು ಹೋದದ್ದರ ಫಲ ಇದು. ಮುಗಿಲು ಕಪ್ಪಾದರೆ ನೋಟ್‌ಬುಕ್ಕುಗಳನ್ನು ಮೇಲಿನ ಕಪಾಟಿಗೆ ಏರಿಸುವುದೇ ನನ್ನ ಕೆಲಸ.

ಕಳೆದ ವಾರ ಮೊದಲ ಬಾರಿಗೆ ಒಂದು ಯಂತ್ರ ಬಂದು ರಸ್ತೆಯ ಮೇಲ್ಪದರವನ್ನು ಕೆರೆಯಿತು. ಕುಂಟೆ ಹೊಡೆದ ಹೊಲದಂತೆ ಗೆರೆಗಳು ಉಳಿದವು, ಕಪ್ಪು ಪುಡಿ ಟಿಪ್ಪರ್ ಏರಿತು. ಎಲ್ಲಿಗೆ ಎಂದು ಕೇಳಿದೆ. ಒಬ್ಬರು ಊರ ಹೊರಗೆ ತಗ್ಗು ತುಂಬಲು ಎಂದರು. ಇನ್ನೊಬ್ಬರು, 'ಇದನ್ನೇ ಕಾಯಿಸಿ ಮತ್ತೆ ನಿಮ್ಮ ರಸ್ತೆಗೇ ಹಾಕುತ್ತಾರೆ' ಎಂದು ನಕ್ಕರು. ನಗುವ ಮಾತೋ ಅಲ್ಲವೋ ನನಗೆ ತಿಳಿಯಲಿಲ್ಲ.

ಆ ಪುಡಿಯಲ್ಲಿ ನಿಜವಾಗಿ ಜೀವ ಉಳಿದಿರುತ್ತದೆಯೇ? ಅದನ್ನು ಬೆರೆಸಿದ ರಸ್ತೆ ನಮ್ಮ ಬಿಸಿಲಿಗೆ, ನಮ್ಮ ಎರೆಮಣ್ಣಿಗೆ ತಡೆಯುತ್ತದೆಯೇ? ಬಲ್ಲವರು ಹೇಳಿ. ಬಯ್ಯುವವರು ಬೇರೆ ಕಡೆ ಬಯ್ಯಿರಿ, ಅದಕ್ಕೆ ಜಾಗ ಸಾಕಷ್ಟಿದೆ.

ಸಂಶಯ (ಜಮಖಂಡಿ)

ಹಳೆ ಸೀರೆಯಿಂದ ಕೌದಿ ಹೊಲಿಯಬಹುದು, ಹೊಸ ಸೀರೆ ನೇಯಲಾಗದು. ಹೊಸ ಡಾಂಬರಿನ ರಸ್ತೆಯೇ ಎರಡು ಮಳೆಗಾಲ ಕಾಣುವುದಿಲ್ಲ. ಅದಕ್ಕೆ ಹಳೆಯದನ್ನೂ ಬೆರೆಸಿದರೆ ಉದ್ಘಾಟನೆಯ ಹಾರ ಬಾಡುವ ಮೊದಲೇ ಗುಂಡಿ ಬಿದ್ದಿರುತ್ತದೆ.

ಖಡಿಪುಡಿ (ಬಾಗಲಕೋಟೆ ಜಿಲ್ಲೆ)

ರಸ್ತೆಗೆ ಖಡಿ, ಡಾಂಬರು ಕಾಯಿಸಿ ಬೆರೆಸುವ ಬಿಸಿ ಮಿಶ್ರಣ ಘಟಕದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕೌದಿಯ ಮಾತು ಚೆನ್ನಾಗಿದೆ. ಆದರೆ ನಮ್ಮ ಅಜ್ಜಿಯ ಕೌದಿ ಆಕೆಯ ಯಾವ ಸೀರೆಗಿಂತಲೂ ಹೆಚ್ಚು ವರ್ಷ ಬಾಳಿದೆ.

ಒಂದು ಲೆಕ್ಕ ನೋಡಿ. 7 ಮೀಟರ್ ಅಗಲದ ರಸ್ತೆಯನ್ನು 1 ಕಿಲೋಮೀಟರ್ ಉದ್ದಕ್ಕೆ 40 ಮಿಲಿಮೀಟರ್ ಆಳ ಕೆರೆದರೆ 280 ಘನ ಮೀಟರ್ ಆಗುತ್ತದೆ. ಘನ ಮೀಟರಿಗೆ 2.3 ಟನ್ ಹಿಡಿದರೆ ಸುಮಾರು 640 ಟನ್. ಅದರಲ್ಲಿ ಶೇ 5ರಷ್ಟು ಬಿಟುಮೆನ್, ಅಂದರೆ ಖಡಿಯನ್ನು ಹಿಡಿದಿಡುವ ಕಪ್ಪು ಅಂಟು, ಎಂದುಕೊಂಡರೂ 32 ಟನ್. ಉಳಿದದ್ದೆಲ್ಲ ಖಡಿ. ಖಡಿಗೆ ಮುಪ್ಪಿಲ್ಲ. ವಿಜಯಪುರದ ಕಡೆಯ ಕರಿಕಲ್ಲು ಹುಟ್ಟಿದ್ದೇ ಆರೂವರೆ ಕೋಟಿ ವರ್ಷದ ಹಿಂದೆ. ಹತ್ತು ವರ್ಷ ಲಾರಿಗಳ ಕೆಳಗೆ ಮಲಗಿದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಬಿಟುಮೆನ್ ಮಾತ್ರ ಕಚ್ಚಾತೈಲದಿಂದ ಬರುವ ವಸ್ತು, ನಮ್ಮ ದೇಶಕ್ಕೆ ಬೇಕಾದುದರಲ್ಲಿ ಒಳ್ಳೆಯ ಪಾಲು ಆಮದೇ. ಅಂಥದ್ದನ್ನು ತಗ್ಗಿಗೆ ಸುರಿದು ಬಂದಾಗ ನನಗಂತೂ ಹೊಟ್ಟೆ ಉರಿಯುತ್ತದೆ.

ಹಾಗೆಂದು ಆ 32 ಟನ್ ಹೊಸದಕ್ಕೆ ಸಮ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೂರನೆಯ ಬೆಂಚು (ಬೆಳಗಾವಿ)

ಹೆದ್ದಾರಿ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಏಕೆ ಸಮ ಅಲ್ಲ ಎಂಬುದನ್ನು ಹೇಳುತ್ತೇನೆ.

ಬಿಟುಮೆನ್ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಉತ್ಕರ್ಷಣಗೊಳ್ಳುತ್ತದೆ. ಅದರೊಳಗಿನ ಎಣ್ಣೆಯಂಥ ಭಾಗ, ಅಂದರೆ ಮಾಲ್ಟೀನ್, ಕಡಿಮೆಯಾಗಿ ಆಸ್ಫಾಲ್ಟೀನ್ ಎಂಬ ಗಟ್ಟಿ ಭಾಗ ಹೆಚ್ಚುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಅಳೆಯುವ ಸರಳ ವಿಧಾನ ಸೂಜಿ ಪರೀಕ್ಷೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ ಎಷ್ಟು ಇಳಿಯುತ್ತದೆ ಎಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಲ್ಲಿ ಅಳೆಯುತ್ತಾರೆ. ವಿಜಿ-30 ಎಂಬ ದರ್ಜೆಯ ಹೊಸ ಬಿಟುಮೆನ್‌ನಲ್ಲಿ ಅದು ಕನಿಷ್ಠ 45 ಇರಬೇಕು. ಹಳೆ ರಸ್ತೆಯಿಂದ ದ್ರಾವಕ ಹಾಕಿ ಬೇರ್ಪಡಿಸಿದ ಬಿಟುಮೆನ್‌ನಲ್ಲಿ 20ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿದಿರುತ್ತದೆ. ಜಪಾನಿನವರು ಮರುಬಳಕೆಯ ಮಿಶ್ರಣದಲ್ಲಿ ಸರಾಸರಿ ಅರ್ಧದ ಹತ್ತಿರ ಹಳೆಯದನ್ನೇ ಹಾಕುತ್ತಾರೆ. ಆದರೆ ಒಳಗೆ ಬಿಡುವ ಮೊದಲು ಸೂಜಿ 20ಕ್ಕಿಂತ ಕಡಿಮೆ ಇಳಿಯಬಾರದು, ಹಳೆ ಬಿಟುಮೆನ್ ಶೇ 3.8ಕ್ಕಿಂತ ಕಡಿಮೆ ಇರಬಾರದು ಎಂದು ಬಾಗಿಲಲ್ಲೇ ತಡೆದು ನೋಡುತ್ತಾರೆ.

ಎಷ್ಟು ಬೆರೆಸಬಹುದು ಎಂಬುದಕ್ಕೆ ಅಮೆರಿಕದಲ್ಲಿ ಬಹಳ ಕಾಲದಿಂದ ಒಂದು ರೂಢಿ ಇದೆ. ಶೇ 15ರವರೆಗೆ ಹೊಸ ಬಿಟುಮೆನ್‌ನ ದರ್ಜೆ ಬದಲಿಸಬೇಕಾಗಿಲ್ಲ. 15ರಿಂದ 25ರವರೆಗೆ ಒಂದು ದರ್ಜೆ ಮೆದುವಾದುದನ್ನು ಬಳಸಬೇಕು. ಅದಕ್ಕೂ ಹೆಚ್ಚಾದರೆ ಹಳೆ, ಹೊಸ ಬಿಟುಮೆನ್ ಎರಡನ್ನೂ ಬೆರೆಸಿ ಪರೀಕ್ಷಿಸಿಯೇ ನಿರ್ಧರಿಸಬೇಕು. ನಮ್ಮಲ್ಲಿಯೂ ಭಾರತೀಯ ರಸ್ತೆ ಕಾಂಗ್ರೆಸ್ 2015ರಲ್ಲಿಯೇ ಐಆರ್‌ಸಿ 120 ಎಂಬ ಕೈಪಿಡಿಯನ್ನು ಇದಕ್ಕೆಂದೇ ಹೊರತಂದಿದೆ. ಯಾರೂ ಕೇಳದ ವಿದ್ಯೆಯೇನಲ್ಲ.

ಸಂಶಯ (ಜಮಖಂಡಿ)

ಕೈಪಿಡಿ ಕಪಾಟಿನಲ್ಲಿ ಇರುತ್ತದೆ, ಟಿಪ್ಪರ್ ರಸ್ತೆಯಲ್ಲಿ ಇರುತ್ತದೆ. ಶೇ 20 ಎಂದು ಬರೆದು 60 ಬೆರೆಸಿದರೆ ನಮಗೆ ಹೇಗೆ ತಿಳಿಯಬೇಕು? ಎರಡೂ ಕಪ್ಪೇ.

ಎರೆಹೊಲ (ಡೋಣಿ ದಂಡೆ)

ಓದಿದವರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ನನ್ನದು ಒಣ ಬೇಸಾಯ, ಬಿಳಿಜೋಳ, ಕಡಲೆ. ಏಪ್ರಿಲ್‌ನಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಕುಡಗೋಲು ಬಿದ್ದರೆ ಮಳೆಗಾಲದವರೆಗೆ ಅದರ ಆಸೆ ಬಿಡಬೇಕು. ಜೂನ್‌ನಲ್ಲಿ ಎರಡು ಹದ ಮಳೆ ಬಿದ್ದರೆ ಅದೇ ನೆಲ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ನಮ್ಮ ಊರಿನ ರಸ್ತೆಯೂ ಅದೇ ಮಣ್ಣಿನ ಮೇಲೆ ಕುಳಿತಿದೆ. ಹೊಲ ಉಸಿರಾಡಿದಂತೆ ರಸ್ತೆಯೂ ಉಸಿರಾಡುತ್ತದೆ. ಮೊದಲು ಅಂಚಿನಿಂದ ಎರಡು ಮೊಳ ಒಳಗೆ ಉದ್ದನೆಯ ಗೆರೆ ಬೀಳುತ್ತದೆ, ಮುಂದಿನ ವರ್ಷ ಆ ಗೆರೆಯಲ್ಲಿ ನೀರು ಇಳಿಯುತ್ತದೆ, ಆಮೇಲೆ ಕಬ್ಬಿನ ಹಂಗಾಮು ಬಂದು ಉಳಿದ ಕೆಲಸ ಮುಗಿಸುತ್ತದೆ.

ಮೇಲೆ ಹಾಕಿದ ಡಾಂಬರು ಹಳೆಯದೋ ಹೊಸದೋ ಎಂದು ನಮ್ಮ ನೆಲ ಕೇಳುವುದಿಲ್ಲ.

ಮಾಜಿ ಎಇ (ಬೆಳಗಾವಿ)

ಎರೆಹೊಲದವರು ಎಂಜಿನಿಯರ್ ಆಗಿ ಮೂವತ್ತು ವರ್ಷದ ನನ್ನ ನೌಕರಿಯ ಸಾರವನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರು. ಆದರೆ ಕೊನೆಯ ಮಾತನ್ನು ಸ್ವಲ್ಪ ತಿದ್ದುತ್ತೇನೆ. ನೆಲ ಕೇಳುವುದಿಲ್ಲ ನಿಜ, ಡಾಂಬರು ಮಾತ್ರ ಉತ್ತರ ಕೊಡುತ್ತದೆ. ಹೊಸದು ಒಂದು ರೀತಿ, ಹಳೆಯದು ಬೆರೆತದ್ದು ಇನ್ನೊಂದು ರೀತಿ.

ಡಾಂಬರು ರಸ್ತೆಗೆ ಮುಖ್ಯವಾಗಿ ಎರಡು ಬಗೆಯ ಸಾವು. ಬಿಸಿಲಿನಲ್ಲಿ ಮೆತ್ತಗಾಗಿ ಗಾಲಿಯ ಜಾಡು ಇಳಿಯುವುದು ಒಂದು. ಗಟ್ಟಿಯಾಗಿ ಬಾಗಲಾರದೆ ಬಿರಿಯುವುದು ಇನ್ನೊಂದು. ವಿಜಯಪುರದ ಬೇಸಿಗೆಯಲ್ಲಿ ಗಾಳಿ 42 ಡಿಗ್ರಿ ಇದ್ದಾಗ ಕಪ್ಪು ರಸ್ತೆಯ ಮೈ 60 ಡಿಗ್ರಿ ದಾಟುತ್ತದೆ. ಅಲ್ಲಿ ಹಳೆ ಬಿಟುಮೆನ್‌ನ ಬಿಗುವು ಉಪಕಾರವನ್ನೇ ಮಾಡುತ್ತದೆ, ಜಾಡು ಕಡಿಮೆ ಬೀಳುತ್ತದೆ. ಆದ್ದರಿಂದಲೇ ಜಾಡಿನ ಪರೀಕ್ಷೆಯೊಂದನ್ನೇ ತೋರಿಸಿ 'ಮರುಬಳಕೆ ಮಿಶ್ರಣ ಹೊಸದಕ್ಕಿಂತ ಬಲಶಾಲಿ' ಎಂದು ಸಾಬೀತು ಮಾಡುವುದು ಬಹಳ ಸುಲಭ. ಮಿಶ್ರಣದ ತುಂಡು ಎಷ್ಟು ಭಾರ ತಡೆಯುತ್ತದೆ ಎಂದು ನೋಡುವ ಮಾರ್ಷಲ್ ಪರೀಕ್ಷೆಯ ಅಂಕಿಯೂ ಏರುತ್ತದೆ. ಕಡತದಲ್ಲಿ ಎಲ್ಲರಿಗೂ ಸಂತೋಷ. ಆದರೆ ಅಡಿಯ ಎರೆಮಣ್ಣು ಉಬ್ಬಿ ಇಳಿಯುವ ಕಡೆ ಬೇಕಾಗಿರುವುದು ಬಲವಲ್ಲ, ಬಾಗುವ ಗುಣ. ಆ ಗುಣವನ್ನೇ ಹಳೆ ಬಿಟುಮೆನ್ ಕಳೆದುಕೊಂಡಿರುತ್ತದೆ.

ಹೀಗಾಗಿ ಹಳೆಯ ಡಾಂಬರು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಸರಿಯಿಲ್ಲ. ಯಾವ ಪದರದಲ್ಲಿ, ಯಾವ ನೆಲದ ಮೇಲೆ ಎಂದು ಕೇಳಬೇಕು.

ನೆಲದ ಮಾತು ಮೊದಲು. ಎರೆಮಣ್ಣಿನ ಮೇಲೆ ಉಬ್ಬದ ಮಣ್ಣಿನ 0.6ರಿಂದ 1 ಮೀಟರ್ ದಪ್ಪದ ಮೆತ್ತೆ ಕೊಡಬೇಕು ಎಂಬುದು ಹಳೆಯ ನಿಯಮ. ಗರಸು ಸಿಗದ ಕಡೆ ಸುಣ್ಣ ಬೆರೆಸಿ ಮಣ್ಣಿನ ಉಬ್ಬರ ಇಳಿಸಬಹುದು. ಲೋಕಾಪುರ, ಬಾಗಲಕೋಟೆ ಕಡೆ ಸುಣ್ಣದ ಕಲ್ಲಿಗೆ ಬರವಿಲ್ಲ. ಜೊತೆಗೆ ಪಕ್ಕದ ಚರಂಡಿ. ಇದನ್ನು ಮಾಡದೆ ಮೇಲಿನ 40 ಮಿಲಿಮೀಟರಿನ ಬಗ್ಗೆ ಪ್ರಬಂಧ ಬರೆಯುವುದು, ಬುನಾದಿ ಇಲ್ಲದ ಮನೆಗೆ ಬಣ್ಣ ಆರಿಸಿದಂತೆ.

ಇನ್ನು ಕಬ್ಬಿನ ಮಾತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆಯ ತುಂಡುಗಳನ್ನು ಕಟ್ಟಿ, ಅವುಗಳ ಮೇಲೆ ಹಗಲಿರುಳು ಲಾರಿ ಓಡಿಸಿ ಒಂದು ದೊಡ್ಡ ಪ್ರಯೋಗ ಮಾಡಿದರು. ಅದರಿಂದ ಹೊರಟ ನಿಯಮವೆಂದರೆ, ಗಾಲಿಗಳ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಹಾನಿ ಎರಡಲ್ಲ, ಸುಮಾರು ಹದಿನಾರು ಪಟ್ಟು. ಮುಧೋಳ, ಜಮಖಂಡಿ, ಗೋಕಾಕ ಕಡೆ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್ ಕಟ್ಟಿ, ಕಬ್ಬು ಎರಡೂ ಬದಿಗೆ ಮೀಸೆಯಂತೆ ಚಾಚಿಕೊಂಡು ಹೋಗುವುದನ್ನು ಕಂಡಾಗಲೆಲ್ಲ ನಾನು ಈ ಹದಿನಾರನ್ನು ನೆನೆಯುತ್ತೇನೆ.

ಎರೆಹೊಲ (ಡೋಣಿ ದಂಡೆ)

ಕಾರ್ಖಾನೆಯವರು ಟನ್ ಲೆಕ್ಕದಲ್ಲಿ ಸಾಗಣೆ ಕಡಿಯುತ್ತಾರೆ. ಎರಡು ಸಲ ಹೋಗುವುದನ್ನು ಒಂದೇ ಸಲ ಹೋಗುತ್ತೇವೆ. ನಮ್ಮ ತಪ್ಪೂ ಇದೆ, ಒಪ್ಪಿದೆ.

ಖಡಿಪುಡಿ (ಬಾಗಲಕೋಟೆ ಜಿಲ್ಲೆ)

'ಎರಡೂ ಕಪ್ಪೇ' ಎಂದ ಜಮಖಂಡಿಯವರಿಗೆ. ಕಣ್ಣಿಗೆ ಕಪ್ಪೇ, ಹೊಗೆಗೆ ಅಲ್ಲ. ಹಳೆ ಡಾಂಬರನ್ನು ನೇರವಾಗಿ ಬೆಂಕಿಗೆ ಒಡ್ಡಿದರೆ ಬಿಟುಮೆನ್ ಸುಟ್ಟು ನೀಲಿ ಹೊಗೆ ಬರುತ್ತದೆ. ಆ ಹೊಗೆ ಕಂಡರೆ ಒಳಗೆ ರಸ್ತೆಯ ಆಯುಷ್ಯವೇ ಉರಿಯುತ್ತಿದೆ ಎಂದು ತಿಳಿಯಿರಿ.

ಸರಿಯಾದ ಕ್ರಮದಲ್ಲಿ ಹಳೆಯದನ್ನು ಜ್ವಾಲೆಯಿಂದ ದೂರ, ಡ್ರಮ್‌ನ ಮಧ್ಯದಲ್ಲಿ ಅಥವಾ ಮಿಶ್ರಣದ ಹಂತದಲ್ಲಿ ಬಿಡುತ್ತಾರೆ. ಹೊಸ ಖಡಿಯನ್ನು ಅತಿಯಾಗಿ ಕಾಯಿಸಿ, ಅದರ ಬಿಸಿಯಿಂದಲೇ ಹಳೆಯದು ಕರಗಬೇಕು. ಹಳೆಯದರ ಪಾಲು ಶೇ 30 ಆದರೆ ಹೊಸ ಖಡಿಯನ್ನು 200 ಡಿಗ್ರಿ ದಾಟಿಸಬೇಕು. ಹಳೆಯದರಲ್ಲಿ ತೇವ ಇದ್ದರೆ ಇನ್ನೂ ಮೇಲೆ. ನಮ್ಮ ಕಡೆಯ ಸಾಮಾನ್ಯ ಘಟಕಗಳಿಗೆ ಅಷ್ಟು ಶಕ್ತಿ ಇಲ್ಲ. ಎರಡನೆಯ ಡ್ರಮ್ ಇಟ್ಟು ಹಳೆಯದನ್ನು ಬೇರೆಯಾಗಿ ಹದವಾಗಿ ಕಾಯಿಸುವ ಘಟಕ ಬೇಕು. ಅದು ಇಲ್ಲದವನು ಶೇ 50 ಬೆರೆಸುತ್ತೇನೆ ಎಂದರೆ ಟೆಂಡರ್‌ನಲ್ಲಿಯೇ ಸುಳ್ಳು ಹೇಳುತ್ತಿದ್ದಾನೆ.

ರಾಶಿಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಎಲ್ಲ ಕೆಡುವುದು ಅಲ್ಲಿಯೇ. ಹೆದ್ದಾರಿಯಿಂದ ಕೆರೆದದ್ದು, ಓಣಿಯ ರಸ್ತೆಯದು, ಯಾರೋ ಅಗೆದು ತಂದ ಮಣ್ಣು ಬೆರೆತ ಹೆಂಟೆ, ಎಲ್ಲವೂ ಒಂದೇ ರಾಶಿ. ಇವತ್ತಿನ ಬಕೆಟ್‌ಗೂ ನಾಳೆಯದಕ್ಕೂ ಸಂಬಂಧವಿಲ್ಲ. ಕೆರೆಯುವ ಯಂತ್ರ ಖಡಿಯನ್ನೂ ಒಡೆಯುವುದರಿಂದ ನುಣ್ಣನೆಯ ಧೂಳು ಹೆಚ್ಚಾಗುತ್ತದೆ. ಅದಕ್ಕೆ ಜರಡಿ ಹಿಡಿದು ದಪ್ಪ, ಸಣ್ಣ ಎಂದು ಎರಡು ರಾಶಿ ಮಾಡಬೇಕು. ರಾಶಿಯ ಮೇಲೆ ಲೋಡರ್ ಹತ್ತಿಸಬಾರದು, ಒತ್ತಿಕೊಂಡು ಮತ್ತೆ ಬಂಡೆಯಾಗುತ್ತದೆ. ತಾಡಪಾಲು ಹೊದಿಸಿದರೆ ಒಳಗಿನ ಬೆವರು ಒಳಗೇ ಉಳಿಯುತ್ತದೆ. ಬದಿ ತೆರೆದ ತಗಡಿನ ಚಾವಣಿಯೇ ಸರಿ. ನಾವು ನಮ್ಮ ಘಟಕದಲ್ಲಿ ಒಂದು ಮಳೆಗಾಲ ರಾಶಿಯನ್ನು ಬಯಲಲ್ಲೇ ಬಿಟ್ಟೆವು. ಡೀಸೆಲ್ ಖರ್ಚು ನೋಡಿ ಮಾಲೀಕರು ನನ್ನೊಡನೆ ಎರಡು ದಿನ ಮಾತಾಡಲಿಲ್ಲ.

ಮೂರನೆಯ ಬೆಂಚು (ಬೆಳಗಾವಿ)

ಕಳ್ಳತನ ಹಿಡಿಯುವ ಬಗೆಗೆ: ರಸ್ತೆಯಿಂದ ಕೊರೆದು ತೆಗೆದ ತುಂಡನ್ನು ದ್ರಾವಕದಲ್ಲಿ ಕರಗಿಸಿ, ಬಿಟುಮೆನ್ ಮರಳಿ ಪಡೆದು, ಅದರ ಸ್ನಿಗ್ಧತೆ, ಅಂದರೆ ಹರಿಯಲು ಎಷ್ಟು ಮಂದ ಎಂಬುದನ್ನು, ನೋಡಿದರೆ ಸಾಕು. ವಿನ್ಯಾಸಕ್ಕಿಂತ ತುಂಬ ಗಟ್ಟಿ ಬಂದರೆ ಒಂದೋ ಹಳೆಯದು ಹೆಚ್ಚಾಗಿದೆ, ಇಲ್ಲವೇ ಘಟಕದಲ್ಲಿ ಸುಟ್ಟಿದೆ. ಎರಡೂ ತಪ್ಪೇ.

ಇನ್ನೊಂದು ಸೂಕ್ಷ್ಮ ಲೆಕ್ಕವಿದೆ. ಶೇ 4.5 ಬಿಟುಮೆನ್ ಇರುವ ಹಳೆ ಡಾಂಬರನ್ನು ಶೇ 30ರಷ್ಟು ಹಾಕಿದರೆ 1.35ರಷ್ಟು ಬಿಟುಮೆನ್ ಅದರಿಂದಲೇ ಬಂತು. ಒಟ್ಟು ಬೇಕಾದದ್ದು 5.2 ಆದರೆ ಹೊಸದು 3.85 ಸಾಕು ಎಂದು ಕಾಗದ ಹೇಳುತ್ತದೆ. ಉಳಿತಾಯವೂ ಇದೇ, ಅಪಾಯವೂ ಇದೇ. ಏಕೆಂದರೆ ಹಳೆ ಬಿಟುಮೆನ್ ಪೂರ್ತಿ ಕರಗಿ ಹೊಸದರೊಡನೆ ಬೆರೆಯುವುದಿಲ್ಲ. ಸ್ವಲ್ಪ ಭಾಗ ಖಡಿಗೆ ಅಂಟಿಕೊಂಡು ಕರಿಕಲ್ಲಿನಂತೆಯೇ ಉಳಿದುಬಿಡುತ್ತದೆ. ಆಗ ಮಿಶ್ರಣ ಕಾಣಲು ಕಪ್ಪು, ಒಳಗೆ ಒಣಕಲು. ಬೇಗ ಬಿರಿಯುವ ಮರುಬಳಕೆ ರಸ್ತೆಗಳಲ್ಲಿ ಈ ಒಣಕಲುತನ ದೊಡ್ಡ ಕಾರಣ. ಆದ್ದರಿಂದ ಈಗ ಹಲವು ಕಡೆ ಬಿಸಿನೀರಿನಲ್ಲಿ ಉಕ್ಕಿನ ಚಕ್ರ ಓಡಿಸುವ ಹ್ಯಾಂಬರ್ಗ್ ಪರೀಕ್ಷೆ ಜಾಡಿಗೆ, ಅರ್ಧಚಂದ್ರಾಕಾರದ ತುಂಡಿಗೆ ಸೀಳು ಕೊಟ್ಟು ಮುರಿಯುವ ಪರೀಕ್ಷೆ ಬಿರುಕಿಗೆ, ಎರಡರಲ್ಲೂ ತೇರ್ಗಡೆಯಾದ ಮಿಶ್ರಣವನ್ನೇ ಒಪ್ಪುತ್ತಾರೆ.

ಹೊಸ್ತಿಲು (ವಿಜಯಪುರ)

ಒಣಗಿದ ಬಿಟುಮೆನ್‌ಗೆ ಮತ್ತೆ ಎಣ್ಣೆ ಬೆರೆಸಿ ಮೆದು ಮಾಡಬಹುದು ಎಂದು ಎಲ್ಲೋ ಓದಿದೆ. ಖಡಕ್ ರೊಟ್ಟಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿದ ಹಾಗೆಯೇ?

ಮೂರನೆಯ ಬೆಂಚು (ಬೆಳಗಾವಿ)

ಬಹುಪಾಲು ಹಾಗೆಯೇ. ಪುನಶ್ಚೇತನಕ ಎನ್ನುತ್ತಾರೆ. ಪೆಟ್ರೋಲಿಯಂ ಮೂಲದ ಎಣ್ಣೆಗಳಿವೆ, ಸೋಯಾ ಮೊದಲಾದ ಸಸ್ಯಮೂಲದವೂ ಇವೆ. ಕರಿದು ಉಳಿದ ಅಡುಗೆ ಎಣ್ಣೆಯ ಮೇಲೂ ಬಹಳ ಪ್ರಯೋಗಗಳಾಗಿವೆ. ಪ್ರಮಾಣ ಹೆಚ್ಚಾದರೆ ಬೇಸಿಗೆಯಲ್ಲಿ ಜಾಡು ಬೀಳುತ್ತದೆ.

ಖಡಿಪುಡಿ (ಬಾಗಲಕೋಟೆ ಜಿಲ್ಲೆ)

ಮಿರ್ಚಿ ಕರಿದ ಎಣ್ಣೆ ಹಾಕಿದರೆ ರಸ್ತೆ ಘಮಘಮಿಸುತ್ತದೆ ಎಂದು ನಮ್ಮ ಹುಡುಗರು ನಗುತ್ತಾರೆ.

ಮಾಜಿ ಎಇ (ಬೆಳಗಾವಿ)

ನೀರು ಚಿಮುಕಿಸಿದ ರೊಟ್ಟಿ ಆ ಹೊತ್ತಿಗೆ ಮೆತ್ತಗಿರುತ್ತದೆ, ಸಂಜೆಗೆ ಮತ್ತೆ ಖಡಕ್. ಪುನಶ್ಚೇತನಕಕ್ಕೂ ಅದೇ ಪ್ರಶ್ನೆ. ಹಾಕಿದ ದಿನದ ಮೆದುತನ ನೋಡಿ ಮೋಸ ಹೋಗಬಾರದು. ಮಿಶ್ರಣವನ್ನು ಒಲೆಯಲ್ಲಿಟ್ಟು ಕೃತಕವಾಗಿ ಮುಪ್ಪಾಗಿಸಿ, ಆಮೇಲೆ ಬಿರುಕಿನ ಪರೀಕ್ಷೆ ಮಾಡಬೇಕು.

ಈಗ ನನ್ನ ನಿಜವಾದ ಶಿಫಾರಸು. ನಮ್ಮ ಮೂರು ಜಿಲ್ಲೆಗಳಲ್ಲಿ ಮೇಲ್ಪದರಕ್ಕೆ ಹಳೆಯದನ್ನು ಶೇ 15ರ ಮೇಲೆ ಕೊಂಡೊಯ್ಯಲು ಅವಸರ ಬೇಡ. ಅದರ ಕೆಳಗಿನ ದಟ್ಟ ಮೆಕಡಮ್ ಪದರದಲ್ಲಿ, ಅಂದರೆ ದಪ್ಪ ಖಡಿಯ ಡಾಂಬರು ಪದರದಲ್ಲಿ, ಒಳ್ಳೆಯ ಘಟಕವಿದ್ದರೆ, 25-30ರವರೆಗೆ ಹೋಗಬಹುದು. ಅದಕ್ಕೂ ಕೆಳಗಿನ ಆಧಾರ ಪದರಕ್ಕೆ ಬಿಸಿ ಮಾಡುವ ಗೋಜೇ ಬೇಡ. ತಣ್ಣನೆಯ ಮರುಬಳಕೆ ಇದೆ. ಹಳೆಯ ಡಾಂಬರನ್ನು ಪುಡಿಮಾಡಿ, ಎಮಲ್ಷನ್ (ನೀರಿನಲ್ಲಿ ಹನಿಹನಿಯಾಗಿ ಬೆರೆಸಿದ ಬಿಟುಮೆನ್) ಅಥವಾ ನೊರೆ ಬಿಟುಮೆನ್ ಹಾಕಿ, ಶೇ 1ರಷ್ಟು ಸಿಮೆಂಟ್ ಸೇರಿಸಿ, ರೋಲರ್ ಹೊಡೆದರೆ ಆಯಿತು. ಅಲ್ಲಿ ಹಳೆಯದರ ಪಾಲು ಮುಕ್ಕಾಲು ಭಾಗ ದಾಟಿದರೂ ಚಿಂತೆಯಿಲ್ಲ. ನೊರೆಯ ತಂತ್ರ ಹೊಸದೇನಲ್ಲ. 1950ರ ದಶಕದಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಾನ್ಯಿ ಎಂಬ ಪ್ರಾಧ್ಯಾಪಕರು ಕಾದ ಬಿಟುಮೆನ್‌ಗೆ ಹಬೆ ಹಾಯಿಸಿ ನೊರೆ ಎಬ್ಬಿಸಿದರು. ಮುಂದೆ ಹಬೆಯ ಬದಲು ತಣ್ಣೀರೇ ಸಾಕು ಎಂದು ಗೊತ್ತಾಯಿತು. ಕಾದ ಹೆಂಚಿನ ಮೇಲೆ ಹನಿ ಬಿದ್ದಂತೆ ಬಿಟುಮೆನ್ ಉಕ್ಕಿ ಹಲವು ಪಟ್ಟು ಹಿಗ್ಗುತ್ತದೆ, ಆ ಕೆಲವೇ ಸೆಕೆಂಡುಗಳಲ್ಲಿ ಒದ್ದೆ ಧೂಳಿಗೂ ಅಂಟಿಕೊಳ್ಳುತ್ತದೆ. ಹೀಗೆ ಕಟ್ಟಿದ ಪದರ ಕೆಳಗಿನ ಬಿರುಕು ಮೇಲಕ್ಕೆ ಹಬ್ಬುವುದನ್ನೂ ತಡ ಮಾಡುತ್ತದೆ. ಎರೆಭೂಮಿಗೆ ಇದಕ್ಕಿಂತ ಒಪ್ಪುವ ಬಳಕೆ ನನಗೆ ಕಂಡಿಲ್ಲ.

ಘಟ್ಟದ ಬದಿ (ಖಾನಾಪುರ)

ನೀವೆಲ್ಲ ಬಿಸಿಲಿನ ಮಾತಾಡುತ್ತಿದ್ದೀರಿ. ಕಣಕುಂಬಿ ಕಡೆಯ ಮಳೆಗೆ ಇದು ನಿಲ್ಲುತ್ತದೆಯೇ?

ಮೂರನೆಯ ಬೆಂಚು (ಬೆಳಗಾವಿ)

ಆಶ್ಚರ್ಯವೆನಿಸಬಹುದು, ನೀರಿನ ವಿಷಯದಲ್ಲಿ ಹಳೆಯದು ಅನೇಕ ಸಲ ಹಿಂದೆ ಬೀಳುವುದಿಲ್ಲ. ಖಡಿಯ ಮೈಗೆ ಬಿಟುಮೆನ್ ಆಗಲೇ ಕಚ್ಚಿಕೊಂಡಿರುತ್ತದೆ, ನೀರು ಅದನ್ನು ಸುಲಭವಾಗಿ ಕಳಚಲಾರದು. ಬಾದಾಮಿ ಕಡೆಯ ಮರಳುಗಲ್ಲು, ಇಳಕಲ್ಲಿನ ಗ್ರಾನೈಟ್‌ನಂಥ ಸಿಲಿಕಾ ಹೆಚ್ಚಿರುವ ಕಲ್ಲಿನಿಂದ ಬಿಟುಮೆನ್ ಬೇಗ ಬಿಡುತ್ತದೆ. ಅಲ್ಲಿ ಶೇ 1-1.5 ಅರಳಿದ ಸುಣ್ಣ ಹಾಕುವುದು ಒಳ್ಳೆಯದು. ಒದ್ದೆ ಮಾಡಿದ ತುಂಡು ಒಣಗಿದ ತುಂಡಿನ ಬಲದಲ್ಲಿ ಕನಿಷ್ಠ ಶೇ 80 ಉಳಿಸಿಕೊಳ್ಳಬೇಕು ಎಂಬ ಪರೀಕ್ಷೆ ಇದೆ, ಅದನ್ನು ಕೇಳಿ.

ಖಡಿಪುಡಿ (ಬಾಗಲಕೋಟೆ ಜಿಲ್ಲೆ)

ಮಳೆ ಸೀಮೆಯಲ್ಲಿ ರೋಲರ್‌ನದೇ ದೊಡ್ಡ ಪಾತ್ರ. ಹಳೆಯದು ಬೆರೆತ ಮಿಶ್ರಣ ಬಿಗಿ, ಬೇಗ ಆರಿ ಮೊಂಡಾಗುತ್ತದೆ. 90 ಡಿಗ್ರಿಗೆ ಇಳಿಯುವ ಮೊದಲೇ ರೋಲಿಂಗ್ ಮುಗಿಯಬೇಕು. ಚಹಾ ಕುಡಿದು ಬಂದು ಹೊಡೆದರೆ ಒಳಗೆ ಗಾಳಿಯ ಸಂದು ಉಳಿದು ನೀರು ಇಳಿಯುತ್ತದೆ. ಆಮೇಲೆ ಹಳೆ ಡಾಂಬರನ್ನು ದೂರಿ ಫಲವಿಲ್ಲ.

ಸಂಶಯ (ಜಮಖಂಡಿ)

ಸರಿ, ಕೌದಿಯ ಮಾತು ಹಿಂದೆ ತೆಗೆದುಕೊಂಡೆ. ಆದರೆ ಒಂದು ಉಳಿದಿದೆ. ಹಳೆಯದು ಬೆರೆತರೆ ಖರ್ಚು ಕಡಿಮೆ. ಆ ಉಳಿತಾಯ ಯಾರ ಜೇಬಿಗೆ?

ಮಾಜಿ ಎಇ (ಬೆಳಗಾವಿ)

ಕೆರೆದು ತೆಗೆದ ಡಾಂಬರಿನ ಬೆಲೆಯನ್ನು ಅಂದಾಜುಪಟ್ಟಿಯಲ್ಲೇ ತೋರಿಸಿ ಗುತ್ತಿಗೆಯ ಮೊತ್ತದಿಂದ ಕಳೆಯಬೇಕು. ಕಳೆಯದೆ ಬಿಟ್ಟಿದ್ದರೆ ಯಾರ ಜೇಬಿಗೆ ಎಂದು ನೀವೇ ಊಹಿಸಿ. ನಾನು ಪಿಂಚಣಿ ಪಡೆಯುವವನು.

ಹೊಸ್ತಿಲು (ವಿಜಯಪುರ)

ಎಲ್ಲರಿಗೂ ಋಣಿ. ನಿನ್ನೆ ವಿಚಾರಿಸಿದೆ. ನಮ್ಮ ಓಣಿಯಿಂದ ಕೆರೆದದ್ದು ಘಟಕಕ್ಕೂ ಹೋಗಿಲ್ಲ, ತಗ್ಗಿಗೂ ಪೂರ್ತಿ ಹೋಗಿಲ್ಲ. ಎರಡು ಟಿಪ್ಪರ್ ಯಾರದೋ ತೋಟದ ದಾರಿಗೆ ಬಿದ್ದಿದೆ. ಬಿಸಿಲಿಗೆ ಕರಗಿ ಟ್ರ್ಯಾಕ್ಟರ್ ಗಾಲಿಗೆ ಒತ್ತಿಕೊಂಡು ಒಳ್ಳೆಯ ದಾರಿಯಾಗಿದೆ, ಧೂಳೇ ಇಲ್ಲ ಎಂದು ಆ ರೈತರು ಸಂತೋಷದಿಂದ ತೋರಿಸಿದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ನಾಳೆ ನಮ್ಮಲ್ಲಿ ಹೊಸ ಪದರ ಹಾಕುತ್ತಾರಂತೆ. ಎಷ್ಟು ಹಾಕಬೇಕು ಎಂದು ಕೇಳಬೇಕು?

ಮಾಜಿ ಎಇ (ಬೆಳಗಾವಿ)

ಕೆರೆದಷ್ಟೇ. 40 ಕೆರೆದಿದ್ದರೆ 40 ಹಾಕಲಿ, ರೋಲರ್ ಹೊಡೆದ ಮೇಲೆ. ಅದಕ್ಕೂ ಮೊದಲು ಗೆರೆಗಳೊಳಗಿನ ಧೂಳನ್ನು ಗಾಳಿ ಹೊಡೆದು ತೆಗೆದು ಅಂಟುಲೇಪ ಸಿಂಪಡಿಸಿದರೋ ನೋಡಿ. ಧೂಳಿನ ಮೇಲೆ ಹಾಕಿದ ಪದರ ಹಪ್ಪಳದಂತೆ ಏಳುತ್ತದೆ.

ಹೊಸ್ತಿಲು (ವಿಜಯಪುರ)

ಅಂಗಡಿಯಲ್ಲಿ ಮೂವತ್ತು ಸೆಂಟಿಮೀಟರಿನ ಸ್ಕೇಲುಗಳು ಬೇಕಾದಷ್ಟಿವೆ. ಒಂದನ್ನು ಹಿಡಿದು ಹೊಸ್ತಿಲ ಮೇಲೆಯೇ ನಿಂತಿರುತ್ತೇನೆ.